ರೈಲಿಲ್ಲದ ಓಟ

ನಾನು ಓಟಗಾರ ಎಂದು ನನಗೆ ನಾನೇ ಬಿರುದು ಕೊಟ್ಟುಕೊಂಡು ಬಹಳ ಕಾಲವಾಗಿತ್ತು. ಬಂಗಾರಪೇಟೆ ಕಡೆಯ ಕೋರಮಂಡಲ್ ಸ್ಟೇಷನ್ನಿನಿಂದ ದಿನಾ ಬೆಂಗಳೂರಿಗೆ ಹೋಗಿ ಬರುತ್ತಿದ್ದ ಗುಮಾಸ್ತ ನಾನು. ಇಡೀ ನೌಕರಿಯಲ್ಲಿ ಒಂದು ದಿನವೂ ನಿಂತ ರೈಲನ್ನು ಹತ್ತಿದವನಲ್ಲ. ಇದಕ್ಕೆ ನಮ್ಮ ಮನೆಯೇ ಕಾರಣ. ಅದರ ಮಾಳಿಗೆ ಹತ್ತಿದರೆ ಪ್ಲಾಟ್‌ಫಾರಂನ ಕೊನೆಯವರೆಗೂ ಕಾಣುತ್ತದೆ. ಅಷ್ಟು ಹತ್ತಿರವಿದ್ದ ಮೇಲೆ ಮುಂಚಿತವಾಗಿ ಹೊರಡುವುದು ನನಗೆ ಅವಮಾನದಂತೆ ಕಾಣುತ್ತಿತ್ತು. ರೈಲು ಕೂಗಿದ ಮೇಲೆಯೇ ನಾನು ಚಪ್ಪಲಿ ಹುಡುಕುತ್ತಿದ್ದದ್ದು.

ಹೆಗಲಿಗೆ ಅಡ್ಡ ಬ್ಯಾಗು, ಕಂಕುಳಲ್ಲಿ ಊಟದ ಕ್ಯಾರಿಯರ್, ಬಾಯಲ್ಲಿ ಇಡ್ಲಿಯ ಕೊನೇ ತುತ್ತು. ಹೊರಟ ಬೋಗಿಯ ಬಾಗಿಲಲ್ಲಿ ಸಹಪ್ರಯಾಣಿಕರಲ್ಲಿ ಯಾರಾದರೊಬ್ಬರು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈ ನನ್ನತ್ತ ಚಾಚಿ ನಿಂತಿರುತ್ತಿದ್ದರು. "ಬ್ಯಾಗ್ ಕೊಡು ಮೊದ್ಲು!" ಎಂದು ಕೂಗುತ್ತಿದ್ದರು. ಮೊದಲು ಬ್ಯಾಗು ಒಳಕ್ಕೆ, ಆಮೇಲೆ ನಾನು. ಕಾಲು ಒಳಗಿಟ್ಟ ಕೂಡಲೇ ಎಂದಿನ ಸ್ವಾಗತ: "ಸೀಟಿಲ್ಲ, ನಿಂತ್ಕ."

ಹೋದ ವರ್ಷ ನಿವೃತ್ತನಾದೆ. ಶಾಲು, ಹಾರ, ಗೋಡೆ ಗಡಿಯಾರ ಎಲ್ಲ ಬಂದವು. ಮರುದಿನ ರೈಲು ಕೂಗಿದಾಗ ನನ್ನ ಕಾಲು ತಾನಾಗಿಯೇ ಚಪ್ಪಲಿಯೊಳಗೆ ಹೋಯಿತು. ಹೋಗುವುದಕ್ಕೆ ಊರಿಲ್ಲದೆ ಅಡುಗೆಮನೆಗೆ ಹೋದೆ. ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿದೆ. ನನ್ನ ಹೆಂಡತಿ ಒಗ್ಗರಣೆಗೆ ಸಾಸಿವೆ ಎಂದುಕೊಂಡು ಗಸಗಸೆ ಹಾಕಿದಳು. ಕಾಫಿ ಮಾಡುತ್ತೇನೆಂದು ನಿಂತು ಹಾಲು ಉಕ್ಕಿಸಿ ಒಲೆ ಆರಿಸಿದೆ. ಅದೂ ದಿನಾ.

ಅವಳು ಬೂದಿಕೋಟೆ ಕಡೆಯವಳು, ಮಾತು ನೇರ. "ಅಡಿಗೆಮನೇಲಿ ನಿಮ್ಮ ನೆರಳೂ ಬೀಳಬಾರ್ದು" ಎಂದು ಹೊರಗೆ ಹಾಕಿದಳು. "ಭಾನುವಾರ ಪಾರ್ಕಿಗಾದ್ರೂ ಬರ್ರಿ. ನಾಲ್ಕು ಜನದ ಜತೆ ಓಡಿದ್ರೆ ನಿಮ್ಗೂ ಒಳ್ಳೇದು, ನನ್ ಡಬ್ಬಿಗಳಿಗೂ ಒಳ್ಳೇದು."

ಪಕ್ಕದ ಮನೆಯವರ ಜೊತೆ ಅವಳು ಕೆಲವು ತಿಂಗಳಿಂದ ಪಾರ್ಕಿನ ಭಾನುವಾರದ ಓಟಕ್ಕೆ ಹೋಗುತ್ತಿದ್ದಳು. ಚೂಡಿದಾರ್, ಬಿಳೀ ಕ್ಯಾನ್ವಾಸ್ ಶೂ. ಓಟಕ್ಕೆ ಶುಲ್ಕವಿಲ್ಲ, ಬಹುಮಾನವಿಲ್ಲ, ಯಾರು ಬೇಕಾದರೂ ಬರಬಹುದು. ಪುಕ್ಕಟೆ ಎಂದರೆ ನನಗೆ ಮೊದಲಿನಿಂದಲೂ ಗುಮಾನಿ. ಆದರೂ ನಕ್ಕುಬಿಟ್ಟೆ. "ಓಟ ನನಗೆ ಕಲಿಸ್ತೀಯೇನೇ? ರೈಲನ್ನೇ ಸೋಲಿಸಿದವನು ಕಣೇ ನಾನು."

"ಅಂಗಾರೆ ಪಾರ್ಕನ್ನ ಮೂರು ಸುತ್ತು ಪೂರ್ತಿ ಓಡಿ ತೋರಿಸ್ರಿ. ಅವತ್ತು ಅಡಿಗೆಮನೆಗೆ ಬಿಟ್ಕತೀನಿ."

ಮಾತು ಅಡುಗೆಮನೆಯದಾದರೂ ಪಣಕ್ಕಿಟ್ಟದ್ದು ಬೇರೆಯೇ. ಕುರ್ಚಿಯನ್ನು ಆಫೀಸಿನವರು ವಾಪಸ್ ತೆಗೆದುಕೊಂಡಿದ್ದರು. ಓಟಗಾರ ಎಂಬ ಹೆಸರೊಂದೇ ನನ್ನದಾಗಿ ಉಳಿದಿದ್ದದ್ದು. ಅದೂ ಹೋದರೆ ನಾನು ಬರೀ ಗಸಗಸೆ ಗಂಡ.

ಮೊದಲ ಭಾನುವಾರ ಹೊತ್ತಿಗೆ ಮುಂಚೆ ಪಾರ್ಕಿಗೆ ಹೋಗಿ, ಓಟ ಶುರುವಾಗುವ ಗೆರೆಯ ಮುಂಚೂಣಿಯಲ್ಲಿ ನನ್ನ ಕರ್ಚೀಫ್ ಹಾಸಿ ಜಾಗ ಹಿಡಿದು ಮನೆಗೆ ಬಂದೆ. ರೈಲಿನಲ್ಲಿ ಸೀಟು ಹಿಡಿಯುವ ಕ್ರಮ ಅದೇ ತಾನೇ. ಮನೆಯಲ್ಲಿ ಆರಾಮವಾಗಿ ಕೂತೆ. ಶುರುವಾಗುವುದಕ್ಕೆ ಇನ್ನೇನು ಎನ್ನುವಾಗ, ಅಭ್ಯಾಸಬಲದಿಂದ, ಎದ್ದು ಬಿದ್ದು ಓಡಿದೆ. ಎದೆ ಹೊಡೆದುಕೊಳ್ಳುತ್ತಾ ಗೆರೆ ಮುಟ್ಟಿದ್ದೂ ಸೀಟಿ ಊದಿದ್ದೂ ಒಟ್ಟಿಗೇ. ಎಲ್ಲರೂ ಓಡಿದರು. ನನ್ನ ಓಟ ಮುಗಿದಿತ್ತು. ಕರ್ಚೀಫಿನ ಮೇಲೆ ಹತ್ತಾರು ಶೂಗಳ ಗುರುತು. ಅದನ್ನೆತ್ತಿಕೊಂಡು ಕಲ್ಲುಬೆಂಚಿನ ಮೇಲೆ ಕೂತೆ.

ಪಕ್ಕದಲ್ಲಿ ಕಿತ್ತಳೆ ಬಣ್ಣದ ಕೋಟು ತೊಟ್ಟ ನಿವೃತ್ತ ಟೀಚರಮ್ಮ ಒಬ್ಬರು ಬಂದು ಕೂತರು. "ಅವಸರ ಇಲ್ಲ ಸಾರ್. ನೀವು ಎದ್ರೆ ನಾನೂ ಏಳ್ತೀನಿ."

"ಯಾಕಮ್ಮಾ?"

"ಎಲ್ರಿಗಿಂತ ಹಿಂದೆ ಬರೋದೇ ನನ್ ಡ್ಯೂಟಿ. ಯಾರಿಗೂ ಕೊನೇಗೆ ಬಂದ್ವಿ ಅನ್ನೋ ಬೇಜಾರು ಆಗಬಾರ್ದು ಅಂತ. ನೀವು ಕೂತಿರೋವರ್ಗೂ ನಾನೂ ಕೂತಿರ್ಬೇಕು."

ಅಂದು ಟೀಚರಮ್ಮನ ಡ್ಯೂಟಿ ಬೆಂಚಿನ ಮೇಲೆಯೇ ಮುಗಿಯಿತು. ಆ ಹೊತ್ತಿಗೆ ನನ್ನ ಹೆಂಡತಿ ಮೂರು ಸುತ್ತು ಮುಗಿಸಿ, ನೀರು ಕುಡಿದು, ನನ್ನ ಕೈಯಿಂದ ಕರ್ಚೀಫ್ ಇಸಿದುಕೊಂಡು ಒಗೆಯುವುದಕ್ಕೆ ನಡೆದಳು.

ಎರಡನೇ ಭಾನುವಾರ ಎಲ್ಲರ ಜೊತೆಗೇ ಹೊರಟೆ. ಎಲ್ಲರನ್ನೂ ಹಿಂದಿಕ್ಕಿ ಹಾರಿದೆ. ಸರಿಯಾಗಿ ಒಂದು ಪ್ಲಾಟ್‌ಫಾರಂನಷ್ಟು ದೂರ. ಅಲ್ಲಿ ನನ್ನ ದೇಹ ತನ್ನಷ್ಟಕ್ಕೆ ತಾನೇ ನಿಂತುಬಿಟ್ಟಿತು. ರೈಲು ಸಿಕ್ಕಿತು, ಇನ್ನೇನು ಕೆಲಸ ಎಂಬ ಧೋರಣೆ ಅದರದು. ಬೈದೆ, ಬೇಡಿದೆ, ಕಾಲು ಅಲುಗಲಿಲ್ಲ. ಎಲ್ಲರೂ ನನ್ನನ್ನು ದಾಟಿ ಹೋದರು. ಕೊನೆಗೆ ಕಿತ್ತಳೆ ಕೋಟು ಬಂದು ಮೆಲ್ಲಗೆ ಪಕ್ಕದಲ್ಲಿ ನಿಂತಿತು.

ಅಷ್ಟರಲ್ಲಿ ರೈಲು ಕೂಗಿತು.

ಆಮೇಲೆ ನಡೆದದ್ದಕ್ಕೆ ನಾನು ಜವಾಬ್ದಾರನಲ್ಲ. ಪಾರ್ಕಿನ ಗೇಟು, ರಸ್ತೆ, ಸ್ಟೇಷನ್ನಿನ ಮೆಟ್ಟಿಲು ಎಲ್ಲವೂ ಕಾಲ ಕೆಳಗೆ ಸರಿದುಹೋದವು. ರೈಲು ಹೊರಟಿತ್ತು. ಭಾನುವಾರವೂ ಕೆಲಸಕ್ಕೆ ಹೋಗುವ ಹಳೇ ಸಹಪ್ರಯಾಣಿಕನೊಬ್ಬ ಬಾಗಿಲಲ್ಲಿದ್ದ. ನನ್ನನ್ನು ಕಂಡವನೇ ಕೈ ಚಾಚಿ "ವಾಂಗಣ್ಣಾ, ವಾಂಗ!" ಎಂದು ತಮಿಳಿನಲ್ಲಿ ಕರೆದ. ಚಾಚಿದ ಕೈಯನ್ನು ಬೇಡ ಎನ್ನುವುದು ನಮ್ಮಲ್ಲಿ ರೂಢಿಯಿಲ್ಲ. ಒಳಗೆ ಬಿದ್ದೆ.

"ಎಲ್ಲಿಗಣ್ಣಾ, ಚಡ್ಡೀಲಿ?" ಎಂದ.

ನನಗೂ ಆಗಲೇ ಹೊಳೆದದ್ದು.

ಬಂಗಾರಪೇಟೆಯಲ್ಲಿ ಇಳಿದೆ. ಟಿಕೆಟಿಲ್ಲ, ದುಡ್ಡಿಲ್ಲ, ಫೋನಿಲ್ಲ. ಮೊಣಕಾಲು ಮುಚ್ಚುವಷ್ಟು ಬಟ್ಟೆಯೂ ಇಲ್ಲ. ಪರಿಚಯದ ಹೋಟೆಲಿನವನ ಫೋನಿನಿಂದ ಹೆಂಡತಿಗೆ ಮಾತಾಡಿದೆ.

"ಎಲ್ಲಿದ್ದೀರ್ರೀ?"

"ಬಂಗಾರಪೇಟೆ."

"ಓಡ್ಕಂಡೇ ಓದ್ರಾ?"

ಬಸ್ಸಿನ ಚಾರ್ಜನ್ನೂ ಎರಡು ಇಡ್ಲಿಯನ್ನೂ ಹೋಟೆಲಿನವನಿಂದ ಪಡೆದು ಊರಿಗೆ ಬಂದೆ. ಅಷ್ಟರಲ್ಲಿ ಪಾರ್ಕಿನಲ್ಲಿ ಆಗಬೇಕಾದದ್ದು ಆಗಿಹೋಗಿತ್ತು. ನಾನು ಗೇಟು ದಾಟಿ ಶರವೇಗದಲ್ಲಿ ಹೋದದ್ದನ್ನು ಎಲ್ಲರೂ ಕಂಡಿದ್ದರು. ಬಂಗಾರಪೇಟೆ ತಲುಪಿದ್ದಾರಂತೆ ಎಂದು ನನ್ನ ಹೆಂಡತಿಯೇ ಹೇಳಿದ್ದಳು. ನಡುವೆ ಒಂದು ರೈಲಿತ್ತು ಎಂದು ಅವಳೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ವಾರವಿಡೀ ಜನ ನನ್ನನ್ನು ನಿಲ್ಲಿಸಿ ಕೈ ಕುಲುಕಿದರು. ಕ್ಷೌರದಂಗಡಿಯವನು ನನ್ನ ಮೀನಖಂಡವನ್ನು ಮುಟ್ಟಿ ನೋಡಿದ. "ನಿಂಗೆ ಮೂರು ಸುತ್ತು ಯಾವ ಲೆಕ್ಕ ಬಿಡಣ್ಣಾ" ಎಂದ. ನಾನು ವಿನಯದಿಂದ ನಕ್ಕೆ. ಮನೆಗೆ ಬಂದವನೇ ಮೂರು ಸುತ್ತಿಗೆ ಎಷ್ಟು ಪ್ಲಾಟ್‌ಫಾರಂ ಆಗುತ್ತದೆಂದು ಲೆಕ್ಕ ಹಾಕಿದೆ.

ಮೂರನೇ ಭಾನುವಾರ ನನ್ನನ್ನು ನೋಡುವುದಕ್ಕೇ ಜನ ಬಂದಿದ್ದರು. ಸೀಟಿ ಊದಿದರು. ಒಂದು ಪ್ಲಾಟ್‌ಫಾರಂ ಓಡಿದೆ, ನಿಂತೆ. ನಡೆದೆ, ಮತ್ತೆ ಓಡಿದೆ. "ಪಾಪ, ಬಂಗಾರಪೇಟೆ ಆಯಾಸ ಇನ್ನೂ ಆರಿಲ್ಲ" ಎಂದು ಯಾರೋ ಹೇಳಿದ್ದು ಕೇಳಿಸಿತು. ಅವರ ಹೊಟ್ಟೆ ತಣ್ಣಗಿರಲಿ. ಮೂರನೇ ಸುತ್ತಿಗೆ ಬರುವಾಗ ಎಲ್ಲರ ಓಟವೂ ಮುಗಿದು ಬಾಳೆಹಣ್ಣು ಸುಲಿಯುತ್ತಿದ್ದರು. ದಾರಿಯಲ್ಲಿ ಉಳಿದದ್ದು ನಾನು, ನನ್ನ ಹಿಂದೆ ಟೀಚರಮ್ಮ.

ಕೊನೆಯ ತಿರುವಿನಲ್ಲಿ ಕಾಲು ಸಂಪೂರ್ಣ ಕೈಕೊಟ್ಟಿತು. ಮುಗಿಯುವ ಗೆರೆ ಎದುರಿಗೇ ಇತ್ತು. ಆದರೆ ಅಲ್ಲಿಗೆ ಯಾಕೆ ಹೋಗಬೇಕು ಎಂಬುದು ನನಗೆ ತಿಳಿಯಲಿಲ್ಲ. ತಡವಾದರೆ ಬೈಯುವವರಿಲ್ಲ, ಹೋಗದಿದ್ದರೆ ಕೇಳುವವರಿಲ್ಲ. ಇಷ್ಟು ವರ್ಷ ಓಡಿದ್ದು ನಾನಲ್ಲ, ರೈಲು ನನ್ನನ್ನು ಓಡಿಸಿತ್ತು. ಅಳು ಬಂತು. ಚಡ್ಡಿ ತೊಟ್ಟು, ಜನರ ಮುಂದೆ, ಅರವತ್ತು ದಾಟಿದ ಗಂಡಸಿಗೆ ಬರಬಾರದ ಜಾಗದಲ್ಲಿ ಬಂತು.

ಆಗ ನನ್ನ ಹೆಂಡತಿ ಬಾಳೆಹಣ್ಣನ್ನು ಪಕ್ಕದವರ ಕೈಗೆ ಕೊಟ್ಟಳು. ಗೆರೆಯ ಪಕ್ಕದ ಹೂವಿನ ಪಾತಿಯ ಕಲ್ಲಿನ ಮೇಲೆ ಹತ್ತಿದಳು. ಎಡಗೈಯಲ್ಲಿ ದೀಪದ ಕಂಬ ಹಿಡಿದು, ಮೈಯನ್ನೆಲ್ಲ ಹೊರಕ್ಕೆ ಬಾಗಿಸಿ, ಬಲಗೈಯನ್ನು ನನ್ನತ್ತ ಚಾಚಿ, ಇಡೀ ಪಾರ್ಕಿಗೆ ಕೇಳುವ ಹಾಗೆ ಕೂಗಿದಳು.

"ಬರ್ರೀ ಬಿರ್‍ನೆ! ಓಗ್ತಾ ಐತೆ! ಬ್ಯಾಗ್ ಕೊಡ್ರೀ ಮೊದ್ಲು!"

ನನ್ನ ಹತ್ತಿರ ಬ್ಯಾಗಿರಲಿಲ್ಲ. ಆದರೂ ಹೆಗಲು ಮುಟ್ಟಿ ನೋಡಿಕೊಂಡೆ. ನೋಡಿಕೊಳ್ಳುತ್ತಲೇ ಓಡುತ್ತಿದ್ದೆ. ಅವಳು ನನ್ನ ಮುಂಗೈ ಹಿಡಿದು ಒಂದೇ ಎಳೆತಕ್ಕೆ ಗೆರೆಯ ಆಚೆ ಹಾಕಿಕೊಂಡಳು. ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಟೀಚರಮ್ಮ ಹಿಂದಿನಿಂದ ಬಂದು, ಡ್ಯೂಟಿ ಮುಗಿಯಿತೆಂದು ಕೋಟು ಕಳಚಿದರು. ನಾನು ಬೆಂಚು ಹುಡುಕಿದೆ.

"ಸೀಟಿಲ್ಲ, ನಿಂತ್ಕಳ್ರಿ" ಎಂದಳು.

ಅವಳು ಆ ರೈಲಿನಲ್ಲಿ ಒಂದು ದಿನವೂ ನನ್ನ ಜೊತೆ ಬಂದವಳಲ್ಲ. ಬ್ಯಾಗಿನ ಮಾತು, ಸೀಟಿನ ಮಾತು ನಾನೇ ಸಾವಿರ ಸಲ ಮನೆಯಲ್ಲಿ ಗೋಳಾಡಿ ಹೇಳಿದ್ದೆ. ಆದರೆ ಆ ಕಂಬಿ ಹಿಡಿಯುವ ಬಗೆ, ಬಾಗುವ ಬಗೆ? ಉಸಿರು ಬಂದ ಮೇಲೆ ಕೇಳಿದೆ, ಇದೆಲ್ಲ ನಿನಗೆ ಹೇಗೆ ಗೊತ್ತೇ ಎಂದು.

"ದಿನಾ ಮಾಳಿಗೆ ಮೇಲಿಂದ ನೋಡ್ತಿದ್ನಲ್ಲ" ಎಂದಳು, ಅದೊಂದು ವಿಷಯವೇ ಅಲ್ಲ ಎನ್ನುವಂತೆ. "ಯಾರೋ ಒಬ್ರು ನಿಮ್ಮನ್ನ ಒಳಕ್ಕೆ ಎಳ್ಕಂಡಿದ್ದು ಕಂಡ್ಮ್ಯಾಲೇ ನಾನು ಕೆಳಗಿಳಿದು ಕಾಪಿಗೆ ಇಡ್ತಿದ್ದಿದ್ದು. ಅಲ್ಲೀಗಂಟ ಒಂದು ತೊಟ್ಟು ನೀರೂ ಕುಡೀತಿರ್ಲಿಲ್ಲ."

ಅಷ್ಟು ವರ್ಷ ಓಡುವಾಗ ಒಂದು ದಿನವೂ ಹಿಂತಿರುಗಿ ಮಾಳಿಗೆ ಕಡೆ ನೋಡಿದವನಲ್ಲ ನಾನು.

ಅವಳು ಪಕ್ಕದವರಿಂದ ಬಾಳೆಹಣ್ಣು ವಾಪಸ್ ತೆಗೆದುಕೊಂಡು, ಅರ್ಧ ಮುರಿದು ನನ್ನ ಕೈಗಿಟ್ಟಳು.

"ನಡೀರಿ ಮನೆಗೆ. ಇವತ್ತು ಕಾಪಿ ನೀವು ಮಾಡ್ರಿ, ನಾನು ಕುಂತ್ಕಂಡು ಕುಡೀತೀನಿ."