ಭಾವ ತೋರಿಸಿದ ಮೂರು ಚುಕ್ಕಿ

ನನ್ನ ಭಾವ, ಅಂದರೆ ಅಕ್ಕನ ಗಂಡ, ಹೆಮ್ಮಿಗೆಯಲ್ಲಿ ಲೈನ್‌ಮನ್ ಆಗಿದ್ದರು. ಮದುವೆಯಾದ ಹೊಸದರಲ್ಲಿ ಅಕ್ಕನಿಗೆ ಕತ್ತಲೆಂದರೆ ಭಯ. ಕರೆಂಟು ಹೋದರೆ ಊರವರೆಲ್ಲ ಭಾವನನ್ನು ಕೂಗುತ್ತಿದ್ದರು. ಅವರು ಕಂಬ ಹತ್ತಿ ಎಲ್ಲರ ಮನೆಗೂ ಬೆಳಕು ಕೊಟ್ಟು ಬರುವವರೆಗೆ ಅಕ್ಕ ಜಗಲಿಯ ಮೇಲೆ ಒಬ್ಬಳೇ ಕೂತಿರುತ್ತಿದ್ದಳು. ಲೈನು ಎಲ್ಲೋ ದೂರದಲ್ಲಿ ಕೆಟ್ಟು, ಇವತ್ತು ಕರೆಂಟು ಬರುವುದೇ ಇಲ್ಲ ಎಂದು ಗೊತ್ತಾದ ದಿನ ಮಾತ್ರ ಭಾವ ಬೇಗ ಮನೆಗೆ ಬರುತ್ತಿದ್ದರು. ಅವಳನ್ನು ತಾರಸಿಗೆ ಕರೆದುಕೊಂಡು ಹೋಗಿ ಚುಕ್ಕಿ ತೋರಿಸುತ್ತಿದ್ದರಂತೆ. ಸಾಲಾಗಿ ನಿಂತ ಮೂರು ಚುಕ್ಕಿಗಳೆಂದರೆ ಅವರಿಗೆ ಇಷ್ಟ. ಅಕ್ಕನ ಭಯ ಹೋಗಿದ್ದು ಹಾಗೆ.

ನಾನು ನಂಜನಗೂಡಿನಲ್ಲಿ ಮದುವೆ ವಿಡಿಯೋಗಳನ್ನು ತೆಗೆದು ಎಡಿಟ್ ಮಾಡುವವನು. ಭಾವ ರಿಟೈರ್ ಆದಾಗ, ಸಂಕ್ರಾಂತಿ ಕಳೆದ ಮೇಲೆ, ಮನೆಯಲ್ಲಿ ಊಟ ಹಾಕಿಸಿದ್ದರು. ನೆಂಟರು ಹೊರಟ ಮೇಲೆ ನಾವು ಮೂವರೂ ತಾರಸಿಗೆ ಹೋದೆವು. ಕ್ಯಾಮೆರಾ ಕೈಯಲ್ಲೇ ಇತ್ತು. ಗಂಡಹೆಂಡಿರ ಸುತ್ತ ನಡೆಯುತ್ತಾ ಸುಮ್ಮನೆ ಒಂದು ಶಾಟ್ ತೆಗೆದೆ. ಮನೆ ಮುಂದಿನ ಕಂಬಕ್ಕೆ ಹೊಸದಾಗಿ ಬಿಳಿ ಲೈಟು ಬಂದಿತ್ತು, ಭಾವನೇ ನಿಂತು ಹಾಕಿಸಿದ್ದು. ಅದರ ಬೆಳಕಿಗೆ ಆಕಾಶ ಬೂದಿ ಬಳಿದ ಹಾಗೆ ಕಾಣುತ್ತಿತ್ತು. ಆದರೂ ಭಾವ ಕೈ ಎತ್ತಿ ತೋರಿಸಿದರು.

"ಅಲ್ನೋಡಮ್ಮಿ, ನೀರ್ ಟ್ಯಾಂಕಿನ್ ಮ್ಯಾಲೆ. ಮೂರೂ ಅಲ್ಲೇ ಅವೆ."

"ಎಲ್ಲವೆ? ನಂಗೇನೂ ಕಾಣಕಿಲ್ಲ," ಅಂದಳು ಅಕ್ಕ, ಕತ್ತು ಎತ್ತಿಕೊಂಡೇ.

"ಅವೆ ಕಣಮ್ಮಿ. ಲೈಟು ಅಡ್ಡ ಬತ್ತದೆ, ಅಷ್ಟೇಯ."

ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಯುಗಾದಿ ಬರುವ ಮುಂಚೆಯೇ ಭಾವ ತೀರಿಕೊಂಡರು. ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ.

ಆಷಾಢದಲ್ಲಿ ಒಂದು ದಿನ ಅಕ್ಕ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದಳು. ಕೂತು ನೀರು ಕುಡಿದು, ಮೊಬೈಲಿನಲ್ಲಿ ಅದೇ ವಿಡಿಯೋ ತೆಗೆದು ನನ್ನ ಮುಂದೆ ಹಿಡಿದಳು. ದಿನಾ ನೋಡುತ್ತಾಳೆಂದು ನನಗೆ ಗೊತ್ತಿತ್ತು.

"ಅವ್ರು ತೋರ್ಸ್ತಾನೇ ಅವ್ರೆ, ನಾನು ಕಾಣಕಿಲ್ಲ ಅಂತಾನೇ ಅವ್ನಿ. ದಿನಾ ಇದೇ ಆಯ್ತು ಕಣ್ಲಾ. ಅಲ್ಲಿ ಚುಕ್ಕಿ ಆಕ್ಕೊಡಕ್ಕಾಯ್ತದಾ ನಿನ್ ಕೈಲಿ?"

"ಆಯ್ತದೆ ಅಕ್ಕ," ಅಂದೆ.

ಸುಲಭವೆಂದೇ ಅಂದುಕೊಂಡಿದ್ದೆ. ಮದುವೆ ವಿಡಿಯೋಗಳಿಗೆ ಹಾಕಲೆಂದು ರೆಡಿಮೇಡ್ ಆಕಾಶಗಳು ನನ್ನ ಬಳಿ ಬೇಕಾದಷ್ಟಿದ್ದವು. ಬೂದು ಆಕಾಶವನ್ನು ಕಂಪ್ಯೂಟರಿನಿಂದಲೇ ಕತ್ತರಿಸಿ ತೆಗೆಸಿ, ಆ ಜಾಗದಲ್ಲಿ ಹಾಲು ಚೆಲ್ಲಿದಂಥ ನಕ್ಷತ್ರರಾಶಿಯೊಂದನ್ನು ಕೂರಿಸಿದೆ. ಮುಂದಿನ ವಾರ ಅಕ್ಕ ಬಂದು ನೋಡಿದಳು.

"ಇದ್ಯಾವೂರ ಆಕಾಶಲಾ? ನಮ್ದಲ್ಲ." ಆಮೇಲೆ ಪರದೆಯ ಹತ್ತಿರಕ್ಕೆ ಬಗ್ಗಿದಳು. "ಅವ್ರ ಬೆರಳೆಲ್ಲಿ?"

ನೋಡಿದೆ. ಕತ್ತರಿಸುವಾಗ ಆಕಾಶದ ಜೊತೆಗೆ ಭಾವನ ತೋರುಬೆರಳೂ ಹೋಗಿಬಿಟ್ಟಿತ್ತು. ಮುಷ್ಟಿ ಮಾತ್ರ ಉಳಿದಿತ್ತು. ನಾನು ಕಂಪ್ಯೂಟರ್ ಆಫ್ ಮಾಡಿ, ಮೊದಲಿಂದ ಮಾಡುತ್ತೇನೆಂದೆ.

ಆ ಮೂರು ಚುಕ್ಕಿಗಳು ಮಳೆಗಾಲದ ಸಂಜೆ ಕಾಣುವುದಿಲ್ಲ. ಹೆಮ್ಮಿಗೆಯ ಆಕಾಶವನ್ನೇ ಶೂಟ್ ಮಾಡಲು ಸಂಕ್ರಾಂತಿಯವರೆಗೆ ಕಾಯಲೇಬೇಕಿತ್ತು. ಅಷ್ಟರಲ್ಲಿ ಮಾಸ್ಕ್ ಕೆಲಸ ಮುಗಿಸೋಣವೆಂದು ಕೂತೆ. ಒಂದೊಂದು ಫ್ರೇಮಿನಲ್ಲೂ ಮನುಷ್ಯರ ಅಂಚು ಹಿಡಿದು ಗೆರೆ ಎಳೆಯಬೇಕು. ಗೆರೆಯ ಒಳಗಿನದು ಉಳಿಯುತ್ತದೆ, ಹೊರಗಿನದು ಹೋಗುತ್ತದೆ. ನಾನು ನಡೆಯುತ್ತಾ ತೆಗೆದಿದ್ದರಿಂದ ಚಿತ್ರವೆಲ್ಲ ಅಲುಗುತ್ತಿತ್ತು. ಹೊಸ ಆಕಾಶವೂ ಅಷ್ಟೇ ಅಲುಗದಿದ್ದರೆ ಚುಕ್ಕಿಗಳು ತೇಲಾಡುತ್ತವೆ. ಅದಕ್ಕೆ ಕದಲದ ಗುರುತು ಬೇಕು. ನೀರಿನ ಟ್ಯಾಂಕಿನ ಮೂಲೆ, ಕಂಬದ ತುದಿ ಇವನ್ನು ಹಿಡಿದು ಅಲುಗಾಟವನ್ನು ಟ್ರ್ಯಾಕ್ ಮಾಡಿದೆ. ಅಕ್ಕನ ಹಾರುವ ಕೂದಲು, ಪಕ್ಕದ ತೆಂಗಿನ ಗರಿ ತುಂಬಾ ಕಾಡಿದವು. ಭಾವನ ಬೆರಳಿನ ಸುತ್ತ ಮಾತ್ರ ನಿಧಾನವಾಗಿ, ಬೇಕೆಂದೇ ನಿಧಾನವಾಗಿ, ಗೆರೆ ಎಳೆದೆ. ಉಗುರಿನ ಪಕ್ಕ ತಂತಿ ತಗುಲಿದ ಹಳೆಯ ಗಾಯದ ಕಲೆಯಿತ್ತು. ಬದುಕಿದ್ದಾಗ ನಾನದನ್ನು ಗಮನಿಸಿಯೇ ಇರಲಿಲ್ಲ. ಬೆಳಿಗ್ಗೆ ಅಂಗಡಿ ತೆರೆದವನು ಗಿರಾಕಿಗಳ ಕೆಲಸಕ್ಕೆ ಕೈ ಹಾಕುವ ಮೊದಲು ಸ್ವಲ್ಪ ಹೊತ್ತು ಭಾವನ ಜೊತೆ ಕೂರುವುದು ರೂಢಿಯಾಯಿತು.

ಒಂದು ದಿನ ಆ ಕೆಲಸದಲ್ಲೇ ಇನ್ನೊಂದನ್ನು ಕಂಡೆ. ಭಾವನ ಕೈ ಆಕಾಶದ ಕಡೆಗಿತ್ತು, ಕಣ್ಣು ಆ ಕಡೆಗಿರಲಿಲ್ಲ. ಅವರು ಅಕ್ಕನ ಮುಖವನ್ನೇ ನೋಡುತ್ತಿದ್ದರು, ಕಂಡಿತೋ ಇಲ್ಲವೋ ಎಂದು ಕಾಯುವವರ ಹಾಗೆ. ಅಕ್ಕನಿಗೆ ಹೇಳಲು ಮೊಬೈಲ್ ಎತ್ತಿಕೊಂಡೆ. ಯಾಕೋ ನನ್ನ ಬಾಯಿಂದ ಹೇಳುವುದು ಬೇಡವೆನಿಸಿ ಕೆಳಗಿಟ್ಟೆ.

ಸಂಕ್ರಾಂತಿ ಕಳೆದು ಮೋಡವಿಲ್ಲದ ಒಂದು ಸಂಜೆ ಹೆಮ್ಮಿಗೆಗೆ ಹೋದೆ. ಊರೊಳಗೆ ಲೈಟು ಜಾಸ್ತಿ, ಆದ್ದರಿಂದ ಗದ್ದೆಯ ಕಡೆ ಹೊರಟೆ. ಅಕ್ಕ ಟಾರ್ಚ್ ಹಿಡಿದು ಜೊತೆಗೆ ಬಂದಳು. ಕುಯ್ಲು ಮುಗಿದ ಗದ್ದೆಯಲ್ಲಿ ಸ್ಟ್ಯಾಂಡ್ ನಿಲ್ಲಿಸಿದೆ. ಅವಳು ಟಾರ್ಚ್ ಆರಿಸಿ ಬದುವಿನ ಮೇಲೆ ಕೂತಳು. ಮೂರು ಚುಕ್ಕಿ ಎದುರಿಗೇ ಇದ್ದವು.

"ಕಂಡ್ವಾ ಅಕ್ಕ?"

"ಊಂ."

"ಇಲ್ಲೇ ನೋಡ್ಬೋದಲ್ಲ, ವಿಡಿಯೋದಲ್ಲಿ ಯಾಕ್ ಬೇಕು?"

"ನಾನೊಬ್ಳು ನೋಡಿದ್ರಾಯ್ತಾ? ಅವ್ರು ಕೈ ತೋರ್ಸಿದ್ ಕಡೆ ಇರ್ಬೇಕು ಕಣೋ," ಅಂದಳು. ಸೆರಗಿನಿಂದ ಮೂಗು ಒರೆಸಿಕೊಂಡಿದ್ದು ಆ ಕತ್ತಲಲ್ಲೂ ಗೊತ್ತಾಯಿತು. ನಾನು ಕ್ಯಾಮೆರಾ ಕಡೆ ತಿರುಗಿಕೊಂಡೆ.

ನಾಲ್ಕೈದು ದಿನದ ಮೇಲೆ ಅಕ್ಕ ಅಂಗಡಿಗೆ ಬಂದಳು. ವಿಡಿಯೋ ಹಾಕಿದೆ. ನೀರಿನ ಟ್ಯಾಂಕಿನ ಮೇಲೆ ಕಪ್ಪು ಆಕಾಶ, ಭಾವನ ಬೆರಳ ನೇರಕ್ಕೆ ಮೂರು ಚುಕ್ಕಿ. ಪರದೆಯೊಳಗಿನ ಅಕ್ಕ ಕಾಣಕಿಲ್ಲ ಅಂದಾಗ ಪಕ್ಕದಲ್ಲಿದ್ದ ಅಕ್ಕ ಮೆಲ್ಲಗೆ, "ಅವೆ, ಅವೆ," ಅಂದಳು.

ಇನ್ನೊಂದು ಸಲ ಹಾಕಿಸಿದಳು. ಮೂರನೆಯ ಸಲ ನನ್ನ ಕೈ ಹಿಡಿದು, "ತಡಿ," ಅಂದಳು. ನಿಲ್ಲಿಸಿದೆ.

"ಅವ್ರು ಚುಕ್ಕಿ ನೋಡ್ತಾ ಇಲ್ವಲ್ಲಾ."

"ಇಲ್ಲ."

"ನನ್ನೇ ನೋಡ್ತಾವ್ರೆ."

"ಊಂ, ಅಕ್ಕ."

"ನಾನು ಮ್ಯಾಲೆ ನೋಡ್ತಾ ನಿಂತ್ಬುಟ್ಟಿದ್ದೆ." ಅವಳು ಅಳಲಿಲ್ಲ. ಪರದೆಗೆ ಮುಖ ಕೊಟ್ಟು ಹಾಗೇ ಕೂತಿದ್ದಳು. ನಾನು ಎದ್ದು ಹೋಗಿ ಟೀ ತಂದೆ. ಟೀ ಆರಿದ ಮೇಲೆ ಕುಡಿದಳು.

ಮೊಬೈಲಿಗೆ ಹಾಕಿಕೊಟ್ಟೆ. ಹಳೆಯದನ್ನು ತೆಗೆದುಬಿಡಲೇ ಎಂದು ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದಳು. "ಇರ್ಲಿ ಬುಡು. ಚುಕ್ಕಿ ಕಾಣ್ದೇ ಇದ್ದಾಗ್ಲೂ ನನ್ನೇ ನೋಡ್ತಿದ್ರಲ್ಲ." ಹೆಮ್ಮಿಗೆಗೆ ಹೋಗಲು ತಿ. ನರಸೀಪುರದ ಬಸ್ಸಿಗೆ ಹತ್ತಿಸಿದೆ. ಕಿಟಕಿ ಪಕ್ಕ ಕೂತವಳು ಬಸ್ಸು ಹೊರಡುವ ಮೊದಲೇ ಮೊಬೈಲು ತೆರೆದಿದ್ದಳು.

ಮಾರನೆಯ ಬೆಳಿಗ್ಗೆ ತಾಂಡವಪುರದ ಕಡೆಯವರ ಮದುವೆಯೊಂದರ ವಿಡಿಯೋ ಕೆಲಸ ಬಂದು ಕೂತಿತ್ತು. ಅಂಗಡಿ ತೆರೆದು ದೀಪ ಹಚ್ಚಿ ಕಂಪ್ಯೂಟರ್ ಹಾಕಿದೆ. ಭಾವನ ಕೆಲಸ ಮುಗಿದಿದೆ ಎಂದು ಗೊತ್ತಿದ್ದೂ ಕೈ ಅದೇ ಫೋಲ್ಡರ್ ತೆರೆಯಿತು. ಅಷ್ಟು ತಿಂಗಳು ಅವರ ಅಂಚು ಹಿಡಿದು ಗೆರೆ ಎಳೆದವನಿಗೆ ಇನ್ನು ತಿದ್ದುವುದು ಏನೂ ಉಳಿದಿರಲಿಲ್ಲ. ಅವರು ಹೋದ ದಿನ ಓಡಾಟದಲ್ಲಿ ನನಗೆ ಅಳು ಬಂದಿರಲಿಲ್ಲ. ಈಗ ಬಂತು. ಸ್ವಲ್ಪ ಹೊತ್ತಾದ ಮೇಲೆ ಮುಖ ತೊಳೆದುಕೊಂಡು ಬಂದು ಮದುವೆಯ ವಿಡಿಯೋ ತೆರೆದೆ.