ಕೌದಿಯ ಹೊಟ್ಟೆ

ಅಂಬುಬಾಯಿಗೆ ಹೊಗಳಿಕೆ ಹಿಡಿಸುತ್ತಿರಲಿಲ್ಲ. ಕೌದಿ ಚಂದ ಐತಿ ಅಂದವರಿಗೆ, ಚಂದ ಬೇಕಿದ್ದರೆ ಕ್ಯಾಲೆಂಡರ್ ತೂಗುಹಾಕಿಕೊಳ್ಳಿ, ಹೊದ್ದು ನೋಡಿ ಮಾತಾಡಿ ಅನ್ನುತ್ತಿದ್ದಳು. ಇಂಡಿ ಕಡೆಯಿಂದ ಗಂಡನ ಬೆನ್ನು ಹತ್ತಿ ತೆಲುಗು ಸೀಮೆಯ, ಔಷಧಿ ಫ್ಯಾಕ್ಟರಿಗಳ ಜೀಡಿಮೆಟ್ಲಾಕ್ಕೆ ಬಂದು ಮೂವತ್ತು ವರ್ಷ. ಗಂಡ ಅಲ್ಲಿಯ ಫ್ಯಾಕ್ಟರಿಯೊಂದರ ಬಾಯ್ಲರ್ ಮುಂದೆ ದುಡಿದು ದುಡಿದೇ ಸತ್ತ. ಇವಳು ಸೂಜಿ ಹಿಡಿದು ಬದುಕಿದಳು.

ಹಳೇ ಸೀರೆ, ಧೋತರ ಪದರ ಪದರವಾಗಿ ಹಾಸಿ ಹೊಲಿದು, ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಬೆಲ್ಲ ಸವರಿದ ಚೂರು ರೊಟ್ಟಿ ಇಡುವುದು ಅವರವ್ವನ ಕಾಲದ ಪದ್ಧತಿ. ಕೌದಿಯ ಹೊಟ್ಟೆ ತುಂಬಿಸುವುದು ಅನ್ನುತ್ತಾರೆ. ಮರುದಿನ ಇರುವೆ ಮುತ್ತುತ್ತವೆ. ಅವಕ್ಕೆ ನಾಲ್ಕು ಬೈದು, ಬಿಸಿಲಿಗೆ ಝಾಡಿಸಿದರೆ ಕೌದಿ ಮುಗಿದಂತೆ.

ಅದೇ ನಗರದ ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಎದ್ದ ಮೇಲೆ ಅಲ್ಲಿಯ ಇಂಜಿನಿಯರ್ ಮನೆಗಳಿಗೆ ತೊಟ್ಟಿಲ ಕೌದಿಯ ಹುಚ್ಚು ಹತ್ತಿತು. ಆದರೆ ಹಳೇ ಅರಿವೆ ಎಲ್ಲಿಂದ ತರೋದು? ಎಲ್ಲರ ಮೈಮೇಲೂ ಪಾಲಿಯೆಸ್ಟರು. ಆಗ ಗುಜರಿ ವ್ಯಾಪಾರದ ಹನುಮಂತ ಒಂದು ಗಂಟು ತಂದು ಕೆಡವಿದ. ಬಿಳೀ ಹತ್ತಿ ಬಟ್ಟೆ, ಸವೆದು ಬೆಣ್ಣೆಯಂತಾಗಿತ್ತು.

"ಔಷಧಿ ಫ್ಯಾಕ್ಟರಿಯೊಳಗ ಸೋಸೋ ಬಟ್ಟಿ ಬಾಯಾರ. ಔಷಧಿ ಸೋಸಿದ್ದಂದ್ರ ಮೈಗೆ ಒಳ್ಳೇದs ಅಲ್ಲೇನ್ರಿ?"

ಅಂಬುಬಾಯಿ ನಕ್ಕಳು. ಸಾಬೂನು ಹಾಕಿ ಒಗೆದು, ಮೂಸಿ, ಕಾಣದಂತೆ ಒಳಪದರಕ್ಕೆ ಹಾಕಿದಳು. ಹನ್ನೊಂದು ಕೌದಿ ಹೋದವು; ಗಿರಾಕಿಗಳ ಅವಸರಕ್ಕೆ ಒಂದಕ್ಕೂ ಇರುವೆ ಬರುವ ತನಕ ಕಾಯಲಿಲ್ಲ. ನಾಲ್ಕನೆಯದರಿಂದಲೇ ಬೆರಳ ತುದಿ ಮರಗಟ್ಟಿತ್ತು. ಸೂಜಿ ಚುಚ್ಚಿದ್ದು ಬಟ್ಟೆಗೆ ರಕ್ತ ಹತ್ತಿದ ಮೇಲೇ ತಿಳಿಯುತ್ತಿತ್ತು. ವಯಸ್ಸಾಯಿತು ಅಂದುಕೊಂಡಳು.

ಹನ್ನೆರಡನೆಯದರ ಮೂಲೆ ಮುಚ್ಚಿ ಮಡಚಿಟ್ಟಳು. ಬೆಳಿಗ್ಗೆ ಝಾಡಿಸಲು ಎತ್ತಿದರೆ ಇರುವೆ ಬಂದಿದ್ದವು. ಗೋಡೆಯಿಂದ ಆ ಮೂಲೆಯವರೆಗೆ ಸಾಲು ಹಿಡಿದಿದ್ದವು. ಒಂದೂ ಮಿಸುಕಲಿಲ್ಲ. ಊದಿದಳು, ಎಳ್ಳಿನಂತೆ ಉರುಳಿದವು.

ಹತ್ತು ಕೌದಿ ಹನುಮಂತ ರಸ್ತೆ ಬದಿ ಮಾರಿದ್ದ. ಯಾರು ಒಯ್ದರೋ ಅವನಿಗೇ ಗೊತ್ತಿರಲಿಲ್ಲ. ಒಂದರ ಮನೆ ಮಾತ್ರ ಅಂಬುಬಾಯಿಗೆ ಗೊತ್ತಿತ್ತು. ಕುಷಾಯಿಗೂಡದಲ್ಲಿ ಅವಳು ಹೊಲಿದುಕೊಡುತ್ತಿದ್ದ ಕನ್ನಡದವರ ಮನೆಯ ಹುಡುಗಿ ಶರ್ವರಿ, ಈಗ ಮಾದಾಪುರದಲ್ಲಿ ನಾಲ್ಕು ತಿಂಗಳ ಕೂಸಿನ ತಾಯಿ. ಹನ್ನೆರಡನೆಯ ಕೌದಿಯನ್ನು ಬಗಲಲ್ಲಿ ಹಿಡಿದೇ ಅಂಬುಬಾಯಿ ಬಸ್ಸು ಹತ್ತಿದಳು.

ಶರ್ವರಿ ಬಾಗಿಲು ತೆಗೆದವಳೇ ದನಿ ತಗ್ಗಿಸಿದಳು. "ಮಲಗೈತಿ ಬಾಯಾರ. ನಿಮ್ಮ ಕೌದಿ ಬಂದಮ್ಯಾಲೆ ಅಳೋದs ಬಿಟ್ಟೈತಿ. ಮೂಲಿ ಚೀಪಿಕೊಂತ ಮಲಗತೈತಿ, ಎರಡ ದಿನ ಆತು, ಹಾಲಿಗೂ ನಾನs ಎಬ್ಬಿಸಬೇಕು."

"ಕೂಸನ್ನ ಎತ್ತು."

"ಎಚ್ಚರ ಆಗ್ತದರಿ."

"ಆಗ್ಲಿ, ಎತ್ತು. ಒಳಗ ಫ್ಯಾಕ್ಟರಿ ಬಟ್ಟಿ ಐತಿ. ನಾನs ಹಾಕೀನಿ."

ಶರ್ವರಿ ಚೇಷ್ಟೆಯೆಂದು ತಿಳಿದು ನಕ್ಕಳು. ಎತ್ತಿಕೊಂಡಳು. ಕೂಸಿನ ಕತ್ತು ಹಿಂದಕ್ಕೆ ಬಿತ್ತು. ಕಣ್ಣು ತೆರೆಯಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಮಾತು: ಯಾವ ಔಷಧಿ ಸೋಸಿದ ಬಟ್ಟೆ? ಹೆಸರು ತಿಳಿದರೆ ಮದ್ದು ಮಾಡಲು ದಾರಿಯಿದೆ, ಇಲ್ಲದಿದ್ದರೆ ಕತ್ತಲಲ್ಲಿ ತಡಕಾಡಬೇಕು, ಸಂಜೆಯೊಳಗೆ ತಿಳಿಸಿ ಅಂದರು. ಅಂಬುಬಾಯಿ ಹನುಮಂತನಿಗೆ ಫೋನು ಹಚ್ಚಿದಳು. ಅವನು ನಾಲ್ಕು ಫ್ಯಾಕ್ಟರಿಗಳ ಗೇಟಿನಿಂದ ಎತ್ತಿ ಒಂದೇ ಗಾಡಿಗೆ ತುಂಬಿದ್ದನಂತೆ.

"ಯಾವುದು ಯಾವುದರದ್ದು ಅಂತ ಈಗ ಹ್ಯಾಂಗ ಹೇಳ್ಲಿ ಬಾಯಾರ?"

ಶರ್ವರಿ ಬೆಂಚಿನ ಮೇಲೆ ಕೂತಿದ್ದಳು. ಇವಳು ಹತ್ತಿರ ಬಂದರೆ ಎದ್ದು ವಾರ್ಡಿನ ಬಾಗಿಲಿಗೆ ಹೋಗಿ ನಿಂತಳು. ಅಂಬುಬಾಯಿ ನಾಲ್ಕು ಗೇಟುಗಳ ಗುರುತು ಕೇಳಿಕೊಂಡು, ಬಟ್ಟೆ ತೋರಿಸಲು ಹನ್ನೆರಡನೆಯ ಕೌದಿ ಎತ್ತಿಕೊಂಡು ಜೀಡಿಮೆಟ್ಲಾ ಬಸ್ಸು ಹಿಡಿದಳು. ಗಂಡ ಸತ್ತ ದಿನವೇ ಒಳಗೆ ಬಿಡದ ಗೇಟುಗಳು, ಇವತ್ತು ಬಾಯಿ ಬಿಡುತ್ತವೆಂಬ ನಂಬಿಕೆಯೇನೂ ಅವಳಿಗಿರಲಿಲ್ಲ.

ಪಕ್ಕದಲ್ಲಿ ಕೂತ ತುಂಬು ಬಸುರಿ ಕೌದಿಯ ಮೇಲೆ ಕೈಯಾಡಿಸಿ, ಎಷ್ಟು ಮೆತ್ತಗಿದೆ, ನನಗೂ ಒಂದು ಹೊಲಿದುಕೊಡುತ್ತೀರಾ ಎಂದು ತೆಲುಗಿನಲ್ಲಿ ಕೇಳಿದಳು. ಅಂಬುಬಾಯಿ ಅವಳ ಕೈಯನ್ನು ತಳ್ಳಿ, ಇಳಿದ ಕೂಡಲೇ ತೊಳೆದುಕೋ ಅಂದಳು.