ಬಚ್ಚಲ ಗೋಡೆಗೆ ಹೊಂದಿಸಿದ ದುರ್ಬೀನು

ಮೇಸ್ತ್ರಿ ತಮ್ಮ ಜೀವಮಾನದಲ್ಲಿ ನೂರಾರು ಗೋಡೆ ಕಟ್ಟಿದರು. ಎಲ್ಲವೂ ನೆಟ್ಟಗಿದ್ದವು. ಒಂದು ಮಾತ್ರ ವಾಲಿತ್ತು. ಅದು ಅವರ ಸ್ವಂತ ಮನೆಯ ಬಚ್ಚಲ ಗೋಡೆ.

ಹಾಗಂತ ಯಾರೂ ಅನ್ನುವಂತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಒಮ್ಮೆ ಅಂದಿದ್ದಳು. ಮೂರು ದಿನ ಅವರು ಊಟ ಮಾಡಿದರು, ಮಾತಾಡಲಿಲ್ಲ. ಆಮೇಲೆ ಅವಳು ಆ ಸುದ್ದಿಗೇ ಹೋಗಲಿಲ್ಲ. ಆದರೆ ಅವಳಿಗೆ ಕಣ್ಣಿತ್ತು. ಗೋಡೆ ಎಡಕ್ಕೆ ವಾಲಿತ್ತು. ಅದರ ಮುಂದೆ ನಿಂತು ಹಲ್ಲುಜ್ಜುವಾಗ ಮೇಸ್ತ್ರಿಯ ಕತ್ತೂ ತುಸು ಎಡಕ್ಕೆ ವಾಲುತ್ತಿತ್ತು. ಬೇರೆಲ್ಲಿ ಹಲ್ಲುಜ್ಜಿದರೂ ಕತ್ತು ನೆಟ್ಟಗಿರುತ್ತಿತ್ತು.

ಬಾಯಿ ಮುಚ್ಚದೆ ಇದ್ದವನು ಒಬ್ಬನೇ, ಪೈಪಣ್ಣ. ನಲ್ಲಿ ಕೆಲಸದವನು, ಮೇಸ್ತ್ರಿಯ ಹಳೆಯ ಗೆಳೆಯ. ಆ ಬಚ್ಚಲಿಗೆ ನೀರಿನ ಪೈಪು ಕೂರಿಸಿದ್ದು ಅವನೇ. ಪೈಪು ಕೆಳಗೆ ಗೋಡೆಗೆ ಅಂಟಿಕೊಂಡಿತ್ತು. ಮೇಲೆ ಹೋದಂತೆ ದೂರವಾಗಿ, ಸೂರಿನ ಹತ್ತಿರ ಒಂದು ಮುಷ್ಟಿ ತೂರುವಷ್ಟು ಸಂದು ಬಿಟ್ಟಿತ್ತು. ಆ ಸಂದಿನಲ್ಲಿ ಗುಬ್ಬಿ ಗೂಡು ಕಟ್ಟಿತ್ತು.

“ನಿನ್ನ ಪೈಪು ಸೊಟ್ಟ” ಎಂದು ಇವರು. “ನಿನ್ನ ಗೋಡೆ ಸೊಟ್ಟ” ಎಂದು ಅವನು. ಮೂವತ್ತು ವರ್ಷ ಇದೇ ರಾಗ.

ಕೆಲಸ ಬಿಟ್ಟ ಮೇಲೆ ಇಬ್ಬರೂ ಏರ್‌ಗನ್ ಕ್ಲಬ್ಬು ಸೇರಿದರು. ಕ್ಲಬ್ಬು ಅಂದರೆ ಒಂದು ಖಾಲಿ ಗೋದಾಮು. ಅಲ್ಲಿ ದರ್ಜಿ, ಬಸ್ ಡ್ರೈವರು, ಹಲ್ಲಿನ ಡಾಕ್ಟರು, ಎಲ್ಲ ಮುದುಕರೂ ಸೇರಿ ಕಾಗದದ ಮೇಲಿನ ಚುಕ್ಕೆಗೆ ಗುರಿಯಿಟ್ಟು ಹೊಡೆಯುತ್ತಿದ್ದರು. ಚುಕ್ಕೆಗಿಂತ ಹೆಚ್ಚಾಗಿ ಪಂದ್ಯ ಮುಗಿದ ಮೇಲಿನ ಟೀಗೆ ಬರುತ್ತಿದ್ದರು. ಒಂದು ದಿನ ಪೈಪಣ್ಣ ಮೇಸ್ತ್ರಿಯ ಮನೆಯಲ್ಲೇ ಕೂತು ಪಂಥ ಕಟ್ಟಿದ.

“ಮೇಸ್ತ್ರಿ, ಈ ಭಾನುವಾರ ನಾನು ಗೆದ್ರೆ ಇಡೀ ಕ್ಲಬ್ಬನ್ನೇ ಇಲ್ಲಿಗೆ ಕರ್ಕೊಂಡು ಬರ್ತೀನಿ. ಎಲ್ಲರ ಮುಂದೆ ಬಚ್ಚಲ ಗೋಡೆಗೆ ತೂಗುಗುಂಡು ಹಿಡೀತೀನಿ.”

“ನಾನು ಗೆದ್ರೆ?”

“ನಮ್ಮಿಬ್ಬರಲ್ಲಿ ಒಬ್ಬರು ಸಾಯೋವರೆಗೂ ಗೋಡೆ ಸುದ್ದಿ ಎತ್ತಲ್ಲ.”

“ಕೈ ಕೊಡು.”

ಟೀ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. ದಾರದ ತುದಿಗೆ ಕಟ್ಟಿದ ಆ ಕಬ್ಬಿಣದ ಗುಂಡು ಲಂಚ ತಿನ್ನದ ಸಾಕ್ಷಿ. ಅದನ್ನು ಹಿಡಿದರೆ ಮೇಸ್ತ್ರಿಯ ಮಾನ ಮೂರು ಕಾಸಿಗೆ ಹರಾಜು. ಈ ಮನುಷ್ಯ ಜ್ವರ ತಡೆದಾರು, ಹಸಿವು ತಡೆದಾರು, ಇದನ್ನು ತಡೆಯುವವರಲ್ಲ. ಅದು ಅವಳಿಗೆ ಗೊತ್ತಿತ್ತು.

ಮೇಸ್ತ್ರಿಗೆ ದೂರದ ಚುಕ್ಕೆ ಮಂಜಾಗಿ ಕಾಣುತ್ತಿತ್ತು. ಬಸ್ ಡ್ರೈವರನಿಂದ ಬಂದೂಕಿಗೆ ಕೂರಿಸುವ ಒಂದು ಹಳೆಯ ದುರ್ಬೀನು ಕೇಳಿ ತಂದರು. ಬುಧವಾರ ಬೆಳಿಗ್ಗೆ ಅಡುಗೆಮನೆಯ ಮೇಜು ಅವರದಾಯಿತು. ಹೆಂಡತಿಯ ಎರಡು ದಿಂಬಿನ ಚೀಲಕ್ಕೆ ಮರಳು ತುಂಬಿ, ಅದರ ಮೇಲೆ ಬಂದೂಕು ಮಲಗಿಸಿದರು.

“ಖಾಲಿ ಇದೆಯೇನ್ರೀ ಅದು?”

“ಮೂರು ಸಲ ತೆಗೆದು ತೋರಿಸಿದ್ನಲ್ಲ.”

“ನಾಲ್ಕನೇ ಸಲ ತೋರಿಸಿ. ನನ್ನ ಅಡುಗೆಮನೆ.”

ತೋರಿಸಿದರು. ಬಂದೂಕಿನ ಬೆನ್ನ ಮೇಲೆ ರಸಮಟ್ಟ ಇಟ್ಟು, ಗಾಜಿನೊಳಗಿನ ಗುಳ್ಳೆ ನಟ್ಟನಡುವೆ ನಿಲ್ಲುವ ತನಕ ಮರಳು ಒತ್ತಿದರು. ಆಮೇಲೆ ಎರಡು ಬಳೆಯಂಥ ಹಿಡಿಕೆಗಳಲ್ಲಿ ದುರ್ಬೀನು ಕೂರಿಸಿ, ಸ್ಕ್ರೂಗಳನ್ನು ಅರೆಬರೆ ಬಿಗಿದರು. ದುರ್ಬೀನಿನ ಒಳಗೆ ಒಂದು ನಿಂತ ಗೆರೆ, ಒಂದು ಅಡ್ಡ ಗೆರೆ. ನಿಂತ ಗೆರೆ ನೆಟ್ಟಗೆ ನಿಲ್ಲಬೇಕು. ಅದಕ್ಕೆ ಎದುರಿಗೆ ನೆಟ್ಟಗಿರುವ ಏನಾದರೊಂದು ಬೇಕು.

“ಬಾಗಿಲು ತೆಗಿ” ಎಂದರು. ಹಿತ್ತಲ ಬಾಗಿಲಿನಾಚೆ ಬಚ್ಚಲ ಗೋಡೆಯ ಅಂಚು ಕಾಣುತ್ತಿತ್ತು. ಅದರ ಪಕ್ಕದಲ್ಲೇ ಪೈಪು.

ಹೆಂಡತಿಯ ಕೈಯ ಸೌಟು ನಿಂತಿತು. “ಯಾವುದಕ್ಕೆ ಹೊಂದಿಸ್ತೀರಿ?”

“ಇನ್ಯಾವುದಕ್ಕೆ? ನಾನು ಕಟ್ಟಿದ ಗೋಡೆಗೆ. ಇದಕ್ಕಿಂತ ನೆಟ್ಟಗಿರೋದು ಏನಿದೆ ಇಲ್ಲಿ?”

ನೀವಂತೂ ಅಲ್ಲ, ಎಂದುಕೊಂಡಳು. ಅವರು ಕೊಳವೆ ತಿರುಗಿಸಿ ಗೆರೆಯನ್ನು ಗೋಡೆಯ ಅಂಚಿಗೆ ಕೂರಿಸಿದರು. ಎಂಟು ಸ್ಕ್ರೂಗಳನ್ನು ಒಂದಾದ ಮೇಲೊಂದು, ಆಚೆ ಈಚೆ, ಮಗುವಿಗೆ ಅಂಗಿ ಗುಂಡಿ ಹಾಕಿದಷ್ಟು ಮೆತ್ತಗೆ ಬಿಗಿದರು. ಮಧ್ಯಾಹ್ನ ಅನ್ನದಲ್ಲಿ ಮರಳು ಸಿಕ್ಕಿತು.

ಗುರುವಾರ ಗೋದಾಮಿಗೆ ಹೋಗಿ ಬಂದ ಮೇಸ್ತ್ರಿಯ ಮುಖ ಹುಳಿಹುಳಿಯಾಗಿತ್ತು. ಹತ್ತು ಮೀಟರಿನಲ್ಲಿ ಗುಂಡು ಚುಕ್ಕೆಯ ನಡುವಿಗೇ ಬೀಳುತ್ತಿತ್ತು. ನಲವತ್ತು ಮೀಟರಿಗೆಂದು ದುರ್ಬೀನಿನ ಮೇಲಿನ ತಿರುಪು ತಿರುವಿದರೆ ಗುಂಡು ಮೇಲೂ ಹೋಗುತ್ತಿತ್ತು, ಕಡಲೆಕಾಳಿನಷ್ಟು ಎಡಕ್ಕೂ ಹೋಗುತ್ತಿತ್ತು. ಪಂದ್ಯದಲ್ಲಿ ಎರಡೂ ದೂರಕ್ಕೆ ಹೊಡೆಯಬೇಕು. ಅಲ್ಲಿ ಸರಿ ಮಾಡಿದರೆ ಇಲ್ಲಿ ಕೆಡುತ್ತಿತ್ತು.

“ಗಾಳಿ ಇತ್ತು” ಎಂದರು.

“ಗೋದಾಮಿನ ಒಳಗಾ?”

“ಗುಂಡಿನ ಡಬ್ಬಿ ಹಳೇದು.”

“ಎಡಕ್ಕೇ ಹೋಗತ್ತಾ?”

“ಎಡಕ್ಕೇ.”

ಅವಳು ಹಿತ್ತಲ ಕಡೆ ನೋಡಿದಳು. ಮೂರನೇ ಕ್ಲಾಸು ಓದಿದವಳು. ಅಷ್ಟು ಸಾಕಾಗಿತ್ತು.

ಹೇಳಿದರೆ ಗೋಡೆ ವಾಲಿದೆ ಎಂದಂತೆ. ಹೇಳದಿದ್ದರೆ ಭಾನುವಾರ ಸೋಲು, ಆಮೇಲೆ ಕ್ಲಬ್ಬಿನವರೆಲ್ಲ ಹಿತ್ತಲಲ್ಲಿ. ಶುಕ್ರವಾರ ಮಧ್ಯಾಹ್ನ ಮೇಸ್ತ್ರಿ ಗೊರಕೆ ಹೊಡೆಯುವ ತನಕ ಕಾದಳು. ಆ ಗೊರಕೆಗೆ ಗೋಡೆ ಬೀಳಬೇಕಿತ್ತು, ಬರೀ ವಾಲಿತ್ತು.

ಮೊದಲು ಪೈಪನ್ನು ಪರೀಕ್ಷಿಸಿದಳು. ಯಾರನ್ನೂ ನಂಬುವವಳಲ್ಲ. ಸ್ಟೂಲು ಹತ್ತಿ ಸೂರಿನಿಂದ ದಾರ ಇಳಿಬಿಟ್ಟು, ತುದಿಗೆ ಬಾಗಿಲ ಬೀಗ ಕಟ್ಟಿ, ಅದು ತೂಗಾಡದಂತೆ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದಳು. ಗಾಳಿಯಲ್ಲಿ ತೂಗುಗುಂಡು ಹಾಗೆ ನಿಲ್ಲಿಸುವುದನ್ನು ಮೇಸ್ತ್ರಿಯಿಂದಲೇ ನೋಡಿ ಕಲಿತಿದ್ದಳು. ಪೈಪು ದಾರಕ್ಕೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಗುಬ್ಬಿ ಅವಳ ತಲೆಯ ಮೇಲೆ ಬೈದುಕೊಂಡು ಹಾರಾಡಿತು.

ಬಂದೂಕು ಖಾಲಿ ಇದೆಯೆಂದು ನೋಡಿ ಮರಳಚೀಲದ ಮೇಲಿಟ್ಟಳು. ಗುಳ್ಳೆ ನಡುವಿಗೆ ತಂದಳು. ಸ್ಕ್ರೂ ಸಡಿಲಿಸಿ, ಕೊಳವೆ ತಿರುಗಿಸಿ, ಗೆರೆಯನ್ನು ಗೋಡೆಯಿಂದ ಬಿಡಿಸಿ ಪೈಪಿಗೆ ಕೂರಿಸಿದಳು. ಮತ್ತೆ ಸ್ಕ್ರೂ ಬಿಗಿದಳು. ಮನೆಯಲ್ಲಿ ಅವಳು ಯಾವ ಡಬ್ಬ ಮುಚ್ಚಿದರೂ ಅದನ್ನು ಇನ್ನೊಬ್ಬರಿಂದ ತೆರೆಯಲಾಗುತ್ತಿರಲಿಲ್ಲ. ಹಾಗೇ ಬಿಗಿದಳು.

ಶನಿವಾರ ಮೇಸ್ತ್ರಿ ಗೋದಾಮಿನಲ್ಲಿ ಗುರಿ ಮತ್ತೊಮ್ಮೆ ಸರಿ ಮಾಡಿಕೊಂಡು, ಸಿಳ್ಳೆ ಹಾಕುತ್ತಾ ಬಂದರು. “ಹೊಸ ಡಬ್ಬಿ ತಂದೆ. ನಾನು ಹೇಳಲಿಲ್ವಾ, ಗುಂಡಿಂದೇ ದೋಷ ಅಂತ!”

“ಹೇಳಿದ್ರಿ” ಎಂದಳು.

ಭಾನುವಾರ ಗೆದ್ದರು. ಒಂದೇ ಒಂದು ಅಂಕದಿಂದ. ಬಲಗಣ್ಣಿನ ಸುತ್ತ ದುರ್ಬೀನು ಒತ್ತಿದ ದುಂಡು ಗುರುತು ಹೊತ್ತು, ಮೊಹರು ಬಿದ್ದ ಲಕೋಟೆಯ ಹಾಗೆ ಬೀದಿಯುದ್ದಕ್ಕೂ ಮೆರೆದರು. ದುರ್ಬೀನು ಹೊಂದಿಸಿದ್ದು ನನ್ನ ಗೋಡೆಗೆ ಎಂದು ಸಿಕ್ಕಸಿಕ್ಕವರಿಗೆ ಹೇಳಿದರು. ಪೈಪಣ್ಣ ಕೇಳಿಸಿಕೊಂಡ, ತುಟಿ ಕಚ್ಚಿಕೊಂಡ. ಮಾತಿಗೆ ತಪ್ಪಲಿಲ್ಲ.

ಮರುವರ್ಷ ಮೇಸ್ತ್ರಿ ಹಾಸಿಗೆ ಹಿಡಿದರು. ಒಂದು ಸಂಜೆ ಹೆಂಡತಿ ಗಂಜಿ ಕುಡಿಸುತ್ತಿದ್ದಾಗ ಎಂದರು, “ಆ ಸ್ಕ್ರೂ ಅಷ್ಟು ಬಿಗಿ ಮಾಡಬಾರದಿತ್ತು ಕಣೇ.”

“ಯಾವ ಸ್ಕ್ರೂ?”

“ದುರ್ಬೀನು ಸಕ್ಕರೆ ಡಬ್ಬ ಅಲ್ಲ. ಕೊಳವೆ ಮೇಲೆ ಗೀರು ಬಿದ್ದಿದೆ.”

ಚಮಚ ಅವಳ ಕೈಯಲ್ಲೇ ಉಳಿಯಿತು. “ಹಾಗಾದ್ರೆ ಗೋಡೆ?”

“ಗೋಡೆ ನೆಟ್ಟಗಿದೆ” ಎಂದರು. ದಿಂಬಿನ ಮೇಲೆ ಕತ್ತು ಎಡಕ್ಕೆ ವಾಲಿತ್ತು. ನಗುತ್ತಿದ್ದರು.

ಆ ವಾರವೇ ಹೋದರು.

ತಿಂಗಳು ತುಂಬುವ ಮೊದಲೇ ಪೈಪಣ್ಣ ಸಾಮಾನಿನ ಚೀಲ ಹಿಡಿದು ಬಂದು ಹಿತ್ತಲ ಬಾಗಿಲಲ್ಲಿ ನಿಂತ. ಸಾಯುವವರೆಗೂ ಎಂದು ಕೈ ಕೊಟ್ಟಿದ್ದ. ಈಗ ಆ ಮಾತು ತೀರಿತ್ತು. ಅವಳು ಬಾಗಿಲಿಗೆ ಅಡ್ಡ ನಿಂತಳು.

“ಆಗಲೇ ಬಂದ್ಯಾ ತೂಗುಗುಂಡು ಹಿಡಿಯೋಕೆ? ಸ್ವಲ್ಪ ದಿನ ತಡೀಬಾರದಿತ್ತಾ?”

“ಗುಂಡು ತಂದಿಲ್ಲ ಅಕ್ಕಾ.” ಅವನು ಚೀಲ ಬಿಚ್ಚಿ ತೋರಿಸಿದ. ಪೈಪು ತಿರುಗಿಸುವ ಪಾನ ಇತ್ತು, ನಾಲ್ಕು ಹೊಸ ಕ್ಲಾಂಪು ಇದ್ದವು. “ಪೈಪು ಸೊಟ್ಟ ಇದೆ. ಆವತ್ತೇ ನಾನು ಸರಿಯಾಗಿ ಕೂರಿಸಲಿಲ್ಲ. ಗೋಡೆಗೆ ಹೊಂದಿಸಿ ಕೂರಿಸಿಬಿಡ್ತೀನಿ.”

ಮೂವತ್ತು ವರ್ಷದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. ಹೇಳುವಾಗ ಅವಳ ಮುಖ ನೋಡಲಿಲ್ಲ.

“ಆ ಪೈಪು ಮುಟ್ಟಿದ್ರೆ ನೋಡು” ಎಂದಳು.

“ಯಾಕಕ್ಕಾ?”

“ಗುಬ್ಬಿ ಮೊಟ್ಟೆ ಇಟ್ಟಿದೆ. ಗೋಡೆ ನೆಟ್ಟಗಿದೆ ಅಂತ ನೀನು ಒಪ್ಪಿಕೊಂಡಾಯ್ತು. ಪೈಪು ನೆಟ್ಟಗಿದೆ ಅಂತ ನಾನು ಒಪ್ಪಿಕೊಂಡೆ. ಒಳಗೆ ಬಾ, ಟೀ ಕುಡಿ.”

ಎರಡು ಲೋಟ ಸಾಕಿತ್ತು. ರೂಢಿಯ ಮೇಲೆ ಅವಳು ಮೂರು ಲೋಟ ಟೀಗೆ ನೀರಿಟ್ಟಳು.